ಟಿಟ್ಟಿಭದ ಮೊಟ್ಟೆ, ಭದ್ರೆಯ ನಡುಗಡ್ಡೆ

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಗಳ ಕತೆಯೊಂದಿದೆ. ಕಡಲ ದಂಡೆಯಲ್ಲಿ ಬಾಳುವೆ ನಡೆಸುತ್ತಿದ್ದ ಜೋಡಿ ಹಕ್ಕಿಗಳವು. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಹಕ್ಕಿ, ಹುಣ್ಣಿಮೆಯ ದಿನ ಕಡಲು ಉಕ್ಕಿ ಇಲ್ಲಿಯವರೆಗೂ ಬರುತ್ತದೆ, ಬೇರೆ ಜಾಗ ನೋಡೋಣ ಎಂದಿತು. ನಮ್ಮ ಮೊಟ್ಟೆ ಮುಟ್ಟುವಷ್ಟು ಧೈರ್ಯ ಈ ಕಡಲಿಗೆಲ್ಲಿಯದು ಎಂದು ಗಂಡು ಹಕ್ಕಿ ಜಂಭ ಕೊಚ್ಚಿತು. ಅದನ್ನು ಕೇಳಿಸಿಕೊಂಡ ಕಡಲು ಮೊಟ್ಟೆಗಳನ್ನು ಸೆಳೆದುಕೊಂಡಿತು. ಆಮೇಲೆ ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿ ದೂರಿದ್ದು, ಗರುಡ ವಿಷ್ಣುವಿನಲ್ಲಿ ಹೇಳಿದ್ದು, ವಿಷ್ಣು ಬಾಣ ತೊಟ್ಟು ಹೆದರಿಸಿದಾಗ ಕಡಲು ಮೊಟ್ಟೆಗಳನ್ನು ಹಿಂದಿರುಗಿಸಿದ್ದು, ಇವೆಲ್ಲ ನಮಗೆ ಬಾಲ್ಯದಿಂದಲೂ ಗೊತ್ತು.

ಇದನ್ನು ನೀತಿಕತೆಯೆಂದು ಓದಿ ಮರೆತುಬಿಡುವವರೇ ಹೆಚ್ಚು. ಆದರೆ ನೀರಿನ ಅಂಚಿನಲ್ಲಿ, ಬರಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಪಾಡನ್ನು ಕಣ್ಣಾರೆ ಕಂಡವರೇ ಈ ಕತೆ ಕಟ್ಟಿರಬೇಕು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಜಲಾಶಯದ ನಡುಗಡ್ಡೆಗಳ ಮೇಲೆ, ಪ್ರತಿ ಬೇಸಿಗೆಯೂ ಈ ಕತೆ ಹೊಸದಾಗಿ ನಡೆಯುತ್ತದೆ. ಕಡಲಿನ ಜಾಗದಲ್ಲಿ ಇಲ್ಲಿ ಅಣೆಕಟ್ಟಿನ ನೀರಿದೆ. ಆ ನೀರು ಏರುವುದಕ್ಕೂ ಇಳಿಯುವುದಕ್ಕೂ ಹುಣ್ಣಿಮೆ ಅಮಾವಾಸ್ಯೆಗಳು ಕಾರಣವಲ್ಲ. ಕಳಸದ ಮಳೆ ಮತ್ತು ನಾಲೆಗೆ ಬಿಡುವ ನೀರಿನ ಲೆಕ್ಕ ಕಾರಣ.

ಕಳೆದ ಏಪ್ರಿಲ್‌ನಲ್ಲಿ ನಾವು ಹನ್ನೊಂದು ಮಂದಿ ಈ ಹಕ್ಕಿಗಳನ್ನು ನೋಡಲು ಹೊರಟೆವು. ಮೂಡಿಗೆರೆಯ ಇಬ್ಬರು ಮೇಷ್ಟ್ರುಗಳು, ಕಳಸದ ಒಬ್ಬ ಕಾಫಿ ಬೆಳೆಗಾರರು, ಚಿಕ್ಕಮಗಳೂರಿನ ನಾಲ್ಕೈದು ಕಾಲೇಜು ಹುಡುಗ ಹುಡುಗಿಯರು, ಕೆಳಗೂರಿನ ಒಬ್ಬರು, ಹೀಗೆ ಬೇರೆ ಬೇರೆ ಕಸುಬಿನವರ ಗುಂಪು. ಕತ್ತಲಿರುವಾಗಲೇ ಚಿಕ್ಕಮಗಳೂರು ಬಿಟ್ಟು, ತರೀಕೆರೆ ದಾಟಿ, ಬೆಳಕು ಹರಿಯುವ ಹೊತ್ತಿಗೆ ಲಕ್ಕವಳ್ಳಿ ಸೇರಿದೆವು. ದೋಣಿ ಹೊರಟಾಗ ನೀರಿನ ಮೇಲೆ ಇನ್ನೂ ಮಂಜಿತ್ತು. ಎಂದೋ ಮುಳುಗಿದ ಮರಗಳ ಒಣ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತಿದ್ದವು.

ನಡುಗಡ್ಡೆ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಸಂತೆಯ ಗದ್ದಲದ ಹಾಗೆ, ನೂರಾರು ಗಂಟಲುಗಳಿಂದ ಒಟ್ಟಿಗೆ ಹೊರಟ ಕಿರುಚು ದನಿ. ಹತ್ತಿರವಾದಂತೆ ಕೆಂಪು ಮಣ್ಣು ಮತ್ತು ಕಲ್ಲುಗಳ ಬೋಳು ದಿಬ್ಬವೊಂದು ಕಂಡಿತು. ಅದರ ಮೇಲೆ ಯಾರೋ ಬಿಳಿ ಬಟ್ಟೆಯ ತುಂಡುಗಳನ್ನು ಹರಡಿದಂತೆ ಹಕ್ಕಿಗಳು. ಒಂದಿಷ್ಟು ದೂರದಲ್ಲಿ ದೋಣಿಯವ ಎಂಜಿನ್ ನಿಲ್ಲಿಸಿದ. 'ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಮಾರಾಯ್ರೆ' ಎಂದು ನಮ್ಮಲ್ಲೊಬ್ಬರು ಕೇಳಿಕೊಂಡರೂ ಅವನು ಜಗ್ಗಲಿಲ್ಲ. 'ಇಲ್ಲ ಸಾರ್, ಇಲ್ಲಿಂದ ಮುಂದೆ ಹೋದ್ರೆ ಎಲ್ಲಾ ಎದ್ದುಬಿಡ್ತಾವೆ' ಎಂದ. ಅವನ ಮಾತಿನ ಅರ್ಥ ಏನೆಂಬುದು ಆಮೇಲೆ ನಮಗೆ ತಿಳಿಯಿತು.

ವಿದೇಶದ ಅತಿಥಿಗಳಲ್ಲ

ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು ಕೇಳಿದ ಮೊದಲ ಪ್ರಶ್ನೆ, 'ಇವು ಯಾವ ದೇಶದಿಂದ ಬರ್ತಾವೆ?' ಈ ಪ್ರಶ್ನೆ ಸಹಜವೇ. ಹಕ್ಕಿಗಳು ಗುಂಪಾಗಿ ಒಂದು ಕಾಲದಲ್ಲಿ ಬಂದು ಇನ್ನೊಂದು ಕಾಲದಲ್ಲಿ ಕಾಣೆಯಾದರೆ ಅವು ಪರದೇಶದವು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಈ ಹಕ್ಕಿ ಅಪ್ಪಟ ನಮ್ಮದು. ಇಂಗ್ಲಿಷಿನ ರಿವರ್ ಟರ್ನ್ ಎಂಬ ಹೆಸರೇ ಲಕ್ಕವಳ್ಳಿಯ ಸುತ್ತ ಜನರ ಬಾಯಲ್ಲಿ ನಿಂತಿದೆ. ಕನ್ನಡದ ಪಕ್ಷಿವೀಕ್ಷಕರು ಈ ಜಾತಿಯ ಹಕ್ಕಿಗಳನ್ನು ರೀವ ಎನ್ನುತ್ತಾರೆ. ಹೊಳೆಯಲ್ಲಿ ಬಾಳುವುದರಿಂದ ಇದು ಹೊಳೆ ರೀವ. ಭಾರತ ಉಪಖಂಡ ಮತ್ತು ಅದರ ಪೂರ್ವಕ್ಕಿರುವ ಕೆಲವು ದೇಶಗಳ ಹೊಳೆ, ಕೆರೆಗಳನ್ನು ಬಿಟ್ಟು ಇದು ದೂರ ಹೋಗುವುದಿಲ್ಲ. ನಡುಗಡ್ಡೆ ಮುಳುಗಿದಾಗ ಇತರ ಹೊಳೆ, ಕೆರೆ, ಜಲಾಶಯಗಳಿಗೆ ಚದುರಿಹೋಗುತ್ತದೆ, ಅಷ್ಟೆ.

ಕಾಗೆಯಷ್ಟೇ ಉದ್ದವಾದರೂ ಮೈ ತೆಳ್ಳಗೆ. ಬೂದು ಬೆನ್ನು, ಬಿಳಿ ಎದೆ, ಗೂಡು ಕಟ್ಟುವ ಕಾಲದಲ್ಲಿ ತಲೆಗೆ ಕಪ್ಪು ಟೋಪಿ ಇಟ್ಟಂತೆ ಬಣ್ಣ. ಕೊಕ್ಕು ಗಾಢ ಹಳದಿ, ಕಾಲುಗಳು ಕಿತ್ತಳೆಗೆಂಪು, ಬಾಲ ಉದ್ದಕ್ಕೆ ಕವಲೊಡೆದದ್ದು. ನೀರಿನ ಮೇಲೆ ಕೊಕ್ಕು ಕೆಳಗೆ ಮಾಡಿ ಹಾರುತ್ತ, ಮೀನು ಕಂಡೊಡನೆ ರೆಕ್ಕೆ ಮಡಿಚಿ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ. ಕೊಕ್ಕಿನಲ್ಲಿ ಮಿರುಗುವ ಮೀನು ಹಿಡಿದು ಬಂದ ಗಂಡು ಅದನ್ನು ಹೆಣ್ಣಿಗೆ ಉಣಿಸುವುದು ಇವುಗಳ ಪ್ರಣಯದ ಮುಖ್ಯ ಭಾಗ. ಸಂಸಾರ ಸಾಕುವ ಯೋಗ್ಯತೆ ಇದೆಯೋ ಇಲ್ಲವೋ ಎಂದು ಹೆಣ್ಣು ಪರೀಕ್ಷಿಸುವ ಬಗೆ ಇದಿರಬಹುದು.

ರೀವ ಮತ್ತು ಟಿಟ್ಟಿಭ ಒಂದೇ ಹಕ್ಕಿಯಲ್ಲ. ಆದರೆ ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಗಣಕ್ಕೆ ಸೇರಿದವು. ಟಿಟ್ಟಿಭ, ಗೊರವ, ಉಲ್ಲಂಕಿ, ಚಿಟವ, ರೀವ, ಕಡಲಕ್ಕಿ ಇವೆಲ್ಲ ದೂರದ ನೆಂಟರು. ಮರದಲ್ಲಿ ಗೂಡು ಕಟ್ಟುವುದು ಇವುಗಳಲ್ಲಿ ತೀರ ಅಪರೂಪ. ದಂಡೆಯ ನೆಲವೇ ಇವುಗಳ ಮನೆ. ನಿಜವಾಗಿ ಪರದೇಶದಿಂದ ಬರುವವರು ಇವರಲ್ಲೇ ಇದ್ದಾರೆ. ಚಳಿಗಾಲದಲ್ಲಿ ಮಲೆನಾಡಿನ ಗದ್ದೆಗಳಲ್ಲಿ, ಹಿನ್ನೀರಿನ ಕೆಸರಿನಲ್ಲಿ ಒಂಟಿಯಾಗಿ ಬಾಲ ಕುಣಿಸುತ್ತ ಓಡಾಡುವ ಗದ್ದೆಗೊರವಗಳು ಏಷ್ಯಾದ ಉತ್ತರ ಭಾಗಗಳಲ್ಲಿ ಹುಟ್ಟಿದವು. ಯಾರ ಗಮನಕ್ಕೂ ಬಾರದ ಈ ಮಾಸಲು ಹಕ್ಕಿಗಳು ಸಾವಿರಾರು ಮೈಲಿ ದಾಟಿ ಬಂದಿರುತ್ತವೆ. ಇಲ್ಲೇ ಹುಟ್ಟಿದ ಬಿಳಿ ಹಕ್ಕಿಗೆ ವಿದೇಶಿ ಎಂಬ ಬಿರುದು ಸಿಗುತ್ತದೆ! ಮಲೆನಾಡಿನ ಕಣಿವೆಗಳಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವಾಗ ಉಲ್ಲಂಕಿಗಳ ಚಳಿಗಾಲದ ಬಿಡಾರವೂ ಕಿರಿದಾಗುತ್ತಿದೆ ಎಂಬುದು ಬೇರೆಯೇ ಕತೆ.

ಬೆಟ್ಟದ ನೆತ್ತಿ ನಡುಗಡ್ಡೆಯಾದ ಬಗೆ

1939–40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗ ಲಕ್ಕವಳ್ಳಿಯಲ್ಲಿ ಈ ಜಲಾಶಯ ಇರಲಿಲ್ಲ, ಈ ನಡುಗಡ್ಡೆಗಳೂ ಇರಲಿಲ್ಲ. ಭದ್ರೆ ಕಾಡಿನ ನಡುವೆ ಹರಿಯುವ ಹೊಳೆಯಾಗಿತ್ತು. ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿಯಿತು. ಜಲಾಶಯದ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಶಿವಮೊಗ್ಗ, ದಾವಣಗೆರೆ ಮೊದಲಾದ ಜಿಲ್ಲೆಗಳ ಸುಮಾರು ಒಂದು ಲಕ್ಷ ಹೆಕ್ಟೇರ್ ಭತ್ತ, ಅಡಿಕೆ, ಕಬ್ಬು ಈ ನೀರನ್ನು ನಂಬಿವೆ. ನೀರು ನಿಂತಾಗ ಕಣಿವೆಯ ಹಳ್ಳಿಗಳು, ಗದ್ದೆಗಳು, ಕಾಡು ಎಲ್ಲ ಮುಳುಗಿದವು. ಎತ್ತರದ ಗುಡ್ಡಗಳ ನೆತ್ತಿಗಳಷ್ಟೇ ಉಳಿದವು. ಇಂದು ನಾವು ನಡುಗಡ್ಡೆ ಎನ್ನುವುದು ಆ ಕಾಲದ ಗುಡ್ಡದ ತಲೆಯನ್ನು.

ಈ ನೀರು ಬರುವುದು ಕಾಫಿ ಸೀಮೆಯಿಂದ. ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖದ ಸೆರಗಿನಲ್ಲಿ ಹರಿದು, ಕಳಸ ಮುಟ್ಟಿ, ಬಾಳೆಹೊನ್ನೂರನ್ನು ಹಾದು, ನರಸಿಂಹರಾಜಪುರದ ಬಳಿ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಬಾಬಾಬುಡನ್ ಗಿರಿಯ ಜಾಗರ ಕಣಿವೆಯಿಂದ ಸೋಮವಾಹಿನಿ ಬಂದು ಸೇರುತ್ತದೆ. ಕುದುರೆಮುಖದ ಕಡೆ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವುದುಂಟು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಲಕ್ಕವಳ್ಳಿಯ ಜಲಾಶಯಕ್ಕೆ ನೀರು ನುಗ್ಗುತ್ತಿದೆ ಎಂದೇ ಅರ್ಥ. ಮೂಡಿಗೆರೆ ಪೇಟೆಯ ಮೇಷ್ಟ್ರುಗಳು ಮಾತ್ರ, 'ನಮ್ಮ ಮಳೆ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ' ಎಂದು ನಕ್ಕರು. ಕೆಲವೇ ಮೈಲಿಗಳ ಅಂತರದಲ್ಲಿ ಬಿದ್ದ ಮಳೆಹನಿಗಳು ಒಂದು ಕೃಷ್ಣಾ ಕಣಿವೆಗೆ, ಇನ್ನೊಂದು ಕಾವೇರಿಗೆ ಹೋಗುವ ಸೀಮೆ ಇದು.

ಹೊಳೆ ತನ್ನ ಜೊತೆಗೆ ಮಣ್ಣನ್ನೂ ತಂದಿದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿದ್ದ ವರ್ಷಗಳಲ್ಲಿ ಮಳೆಗಾಲದ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಕಳಸದವರು ನೆನೆಯುತ್ತಾರೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೊಳೆಗೆ ಬೀಳುವುದು ಅದಿರಿನ ಮಣ್ಣೊಂದೇ ಅಲ್ಲ. ಕಾಫಿ ಹಣ್ಣಿನ ಪಲ್ಪಿಂಗ್ ನೀರನ್ನು ಸರಿಯಾಗಿ ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಮೀನಿಲ್ಲದ ಕಡೆ ರೀವ ನಿಲ್ಲುವುದಿಲ್ಲ. ಬೆಟ್ಟದ ಮೇಲೆ ನಾವೇನು ಮಾಡುತ್ತೇವೆಯೋ ಅದು ಕೆಳಗಿನ ನಡುಗಡ್ಡೆಗೆ ಒಂದಲ್ಲ ಒಂದು ರೂಪದಲ್ಲಿ ತಲಪುತ್ತದೆ.

ಬರಿ ನೆಲದ ಮೇಲೆ ಸಂಸಾರ

ದುರ್ಬೀನಿನಲ್ಲಿ ನೋಡಿದಾಗ ಮೊದಲಿಗೆ ಗೂಡುಗಳೇ ಕಾಣಲಿಲ್ಲ. ರೀವ ಕಡ್ಡಿ ತಂದು ಗೂಡು ಹೆಣೆಯುವುದಿಲ್ಲ. ಮಣ್ಣಿನಲ್ಲಿ, ಕಲ್ಲಿನ ಸಂದಿಯಲ್ಲಿ ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ ಒಂದು ತಗ್ಗು ಮಾಡಿಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ. ಮಾಸಲು ಬಣ್ಣದ ಮೇಲೆ ಕಂದು ಚುಕ್ಕೆಗಳಿರುವ ಆ ಮೊಟ್ಟೆಗಳು ಕಲ್ಲುಗಳ ನಡುವೆ ಕಲ್ಲಾಗಿಬಿಡುತ್ತವೆ. ಮರಿಗಳ ಬಣ್ಣವೂ ಹಾಗೆಯೇ. ಹುಟ್ಟಿದ ಕೆಲವೇ ದಿನಗಳಲ್ಲಿ ತಗ್ಗಿನಿಂದೆದ್ದು ಓಡಾಡುವ ಮರಿಗಳು, ಅಪಾಯ ಬಂದೊಡನೆ ನೆಲಕ್ಕೆ ಅಂಟಿ ಅಲುಗಾಡದೆ ಮಲಗುತ್ತವೆ.

ಇಷ್ಟು ಬಯಲಿನಲ್ಲಿ ಮೊಟ್ಟೆಯಿಡುವುದು ಹುಂಬತನವೆಂದು ತೋರಬಹುದು. ಆದರೆ ಲಕ್ಷಾಂತರ ವರ್ಷಗಳಿಂದ ಈ ಹಕ್ಕಿಗಳನ್ನು ಕಾಪಾಡಿರುವುದೇ ಈ ಉಪಾಯ. ಸುತ್ತ ನೀರಿರುವುದರಿಂದ ನಾಯಿ, ನರಿ, ಮುಂಗುಸಿಗಳು ಸುಲಭವಾಗಿ ಬರಲಾರವು. ಮರವಿಲ್ಲದ ಬೋಳು ನೆಲದಲ್ಲಿ ವೈರಿ ದೂರದಿಂದಲೇ ಕಾಣುತ್ತದೆ. ನೂರಾರು ಜೋಡಿಗಳು ಒಟ್ಟಿಗಿರುವುದರಿಂದ ಒಂದು ಹದ್ದು ಬಂದರೂ ಎಲ್ಲವೂ ಎದ್ದು ಕೂಗುತ್ತ, ಮೇಲಿಂದ ಎರಗುತ್ತ ಓಡಿಸುತ್ತವೆ. ನಾವಿದ್ದಾಗಲೇ ಒಂದು ಗರುಡ, ಬಿಳಿ ತಲೆಯ ಕಂದು ಮೈಯ ಹಕ್ಕಿ, ದಿಬ್ಬದ ಮೇಲೆ ಸುತ್ತು ಹಾಕಿತು. ಇಡೀ ಗುಂಪು ಎದ್ದಿತು. ಗರುಡ ಬರಿಗೈಯಲ್ಲಿ ಹಿಂದಿರುಗಿತು. ಪಂಚತಂತ್ರದಲ್ಲಿ ಹಕ್ಕಿಗಳ ವಕೀಲನಾಗಿದ್ದ ಗರುಡ ಇಲ್ಲಿ ಮರಿಗಳನ್ನು ಕದಿಯಲು ಬರುವವನು!

ಈ ಸಂಸಾರದ ದೊಡ್ಡ ಕಷ್ಟ ಬಿಸಿಲು. ಏಪ್ರಿಲ್ ಮಧ್ಯಾಹ್ನದ ಕಲ್ಲಿನ ಕಾವಿಗೆ ಮೊಟ್ಟೆ ಬೆಂದೇ ಹೋಗಬಹುದು. ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಹಗಲು ಹೊತ್ತಿನಲ್ಲಿ ಅದು ತಂಪಾಗಿಡುವ ಕೆಲಸ. ತಾಯಿ ಅಥವಾ ತಂದೆ ಹಕ್ಕಿ ಮೊಟ್ಟೆಗಳ ಮೇಲೆ ನಿಂತು ನೆರಳು ಕೊಡುತ್ತದೆ. ಇನ್ನೊಂದು ನೀರಿಗೆ ಹೋಗಿ ಹೊಟ್ಟೆಯ ಪುಕ್ಕಗಳನ್ನು ತೊಯ್ಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ದಿನಕ್ಕೆ ಎಷ್ಟೋ ಸಲ, ಸುಮಾರು ಮೂರು ವಾರ, ಗಂಡು ಹೆಣ್ಣು ಸರದಿಯಲ್ಲಿ ಈ ನೀರು ಹೊರುವ ಕೆಲಸ ಮಾಡುತ್ತವೆ.

ಈಗ ದೋಣಿಯವನ ಮಾತನ್ನು ನೆನೆಯಿರಿ. ನಾವು ಹತ್ತಿರ ಹೋದರೆ ಹಕ್ಕಿಗಳೆಲ್ಲ ಎದ್ದು ಹಾರುತ್ತವೆ. ಆಕಾಶ ತುಂಬ ಬಿಳಿ ರೆಕ್ಕೆಗಳು. ಫೋಟೋಕ್ಕೆ ಅದಕ್ಕಿಂತ ಚೆನ್ನಾದ ದೃಶ್ಯ ಸಿಗಲಾರದು. ಆದರೆ ಆ ಕೆಲವು ನಿಮಿಷ ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ಗಾಬರಿಯಲ್ಲಿ ಓಡಿದ ಮರಿ ಬೇರೆಯವರ ಜಾಗಕ್ಕೆ ಹೋಗಿ ಅಲ್ಲಿ ಕುಕ್ಕಿಸಿಕೊಳ್ಳುತ್ತದೆ. ಕಾಗೆ, ಹದ್ದುಗಳಿಗೆ ಅದೇ ಸಮಯ. ದೋಣಿಯ ಮೇಲಿರುವವರಿಗೆ ಇದಾವುದೂ ಕಾಣುವುದಿಲ್ಲ.

ರೀವಗಳ ನಡುವೆ ಇನ್ನೊಂದು ಪುಟ್ಟ ಹಕ್ಕಿಯೂ ಅಲ್ಲಿ ಸಂಸಾರ ಹೂಡಿತ್ತು. ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಮರಳಿನ ಬಣ್ಣದ ಸಣ್ಣ ಚಿಟವ. ನೆಲದ ಮೇಲೆ ಕೂತರೆ ಕಾಣುವುದೇ ಇಲ್ಲ. ಹಾರಿದಾಗ ಬಾನಾಡಿಯ ಹಾಗೆ ಸುಳಿದಾಡಿ ಹುಳುಗಳನ್ನು ಹಿಡಿಯುತ್ತದೆ. ಮೊಟ್ಟೆಯ ಬಳಿ ಯಾರಾದರೂ ಬಂದರೆ ರೆಕ್ಕೆ ಮುರಿದಂತೆ ನಟಿಸಿ, ತೆವಳುತ್ತ, ವೈರಿಯನ್ನು ದೂರ ಸೆಳೆದುಕೊಂಡು ಹೋಗುತ್ತದೆ. ನಮ್ಮ ಗುಂಪಿನಲ್ಲಿ ಇದನ್ನು ಮೊದಲು ಕಂಡವರು ಕಳಸದ ಬೆಳೆಗಾರರು. ಉಳಿದವರಿಗೆ ಅದನ್ನು ತೋರಿಸಲು ಅವರಿಗೆ ಕಾಲು ಗಂಟೆ ಹಿಡಿಯಿತು.

ನೀರಿನ ಲೆಕ್ಕ, ಮೊಟ್ಟೆಯ ಲೆಕ್ಕ

ಮಳೆಗಾಲ ಮುಗಿದಾಗ ಜಲಾಶಯ ತುಂಬಿರುತ್ತದೆ, ನಡುಗಡ್ಡೆಗಳು ನೀರಿನೊಳಗಿರುತ್ತವೆ. ಬೇಸಿಗೆ ಬೆಳೆಗಾಗಿ ಜನವರಿಯ ಹೊತ್ತಿಗೆ ನಾಲೆಗಳಿಗೆ ನೀರು ಬಿಡಲು ಆರಂಭಿಸುತ್ತಾರೆ. ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನಿಸುತ್ತದೆ. ನೀರು ಇಳಿದಂತೆ ದಿಬ್ಬಗಳು ಒಂದೊಂದಾಗಿ ಮೇಲೇಳುತ್ತವೆ. ರೀವಗಳು ಬಂದು ಜಾಗ ಹಿಡಿಯುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆ, ಮೇ ತಿಂಗಳಲ್ಲಿ ಮರಿ. ಜೂನ್‌ನಲ್ಲಿ ಮುಂಗಾರು ಇಳಿದು, ಕಳಸದ ಹೊಳೆ ಕೆಂಪಾಗಿ ನುಗ್ಗುವ ಮೊದಲು ಮರಿಗಳು ರೆಕ್ಕೆ ಬಲಿತು ಹಾರಿರಬೇಕು. ದಾವಣಗೆರೆಯ ರೈತನ ಭತ್ತಕ್ಕೆ ಬಿಟ್ಟ ನೀರು ಹಕ್ಕಿಗೆ ನೆಲ ಮಾಡಿಕೊಡುತ್ತದೆ. ಯಾರೂ ಹಾಗೆಂದು ಯೋಚಿಸಿ ಮಾಡಿದ್ದಲ್ಲ. ಹಕ್ಕಿಗಳು ಆ ಲೆಕ್ಕಾಚಾರದ ಸಂದಿಯಲ್ಲಿ ಹೇಗೋ ತಮ್ಮ ಕಾಲವನ್ನು ಹೊಂದಿಸಿಕೊಂಡಿವೆ.

ಈ ಹೊಂದಾಣಿಕೆ ಎರಡು ಕಡೆಯಿಂದಲೂ ತಪ್ಪಬಹುದು. ನೀರು ತಡವಾಗಿ ಇಳಿದರೆ ನೆಲ ತಡವಾಗಿ ಸಿಗುತ್ತದೆ. ಇದ್ದಷ್ಟು ಜಾಗದಲ್ಲೇ ಹಕ್ಕಿಗಳು ಇಕ್ಕಟ್ಟಾಗುತ್ತವೆ. ತಡವಾಗಿ ಇಟ್ಟ ಮೊಟ್ಟೆಗಳು ಮುಂಗಾರಿಗೆ ಸಿಕ್ಕಿಬೀಳುತ್ತವೆ. ಮೇ ತಿಂಗಳಲ್ಲೇ ಬಿರುಮಳೆ ಬಂದರೂ ಇದೇ ಗತಿ. ಇನ್ನೊಂದು ಕಡೆ, ನೀರು ಅತಿಯಾಗಿ ಇಳಿದರೆ ನಡುಗಡ್ಡೆ ನಡುಗಡ್ಡೆಯಾಗಿ ಉಳಿಯುವುದಿಲ್ಲ. ದಂಡೆಗೂ ದಿಬ್ಬಕ್ಕೂ ನಡುವೆ ಒಣ ನೆಲ ಎದ್ದು ನಾಯಿಗಳು, ದನಗಳು, ಮನುಷ್ಯರು ನಡೆದೇ ಬರಬಹುದು. 2023ರಂತೆ ಮಳೆ ಕೈಕೊಟ್ಟು ಜಲಾಶಯ ತುಂಬದ ವರ್ಷಗಳ ಬೇಸಿಗೆಯಲ್ಲಿ ಈ ಭಯ ಹೆಚ್ಚು.

ಕಳಸದ ಬೆಳೆಗಾರರು ಆ ಬೆಳಿಗ್ಗೆ ಮೋಡ ನೋಡುತ್ತ ಕುಳಿತಿದ್ದರು. ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು. ಆ ಮೇಲೆ ಕಾಯಿ ನಿಲ್ಲಲು ಇನ್ನೊಂದು ಹದ ಮಳೆ ಬೇಕು. 'ನಮ್ಗೆ ಒಂದು ಮಳೆ ಬೇಕೇ ಬೇಕು. ಆದ್ರೆ ಇಲ್ಲಿ ಆನೆಕಲ್ಲು ಬಿದ್ರೆ ಈ ಮರಿಗಳ ಗತಿ ಏನು?' ಎಂದರು. ತೋಟದಲ್ಲಿ ಅವರು ವರ್ಷಗಳಿಂದ ಮಳೆಯ ಲೆಕ್ಕ ಬರೆದಿಟ್ಟವರು. ಅದೇ ಮಳೆಯನ್ನು ಬೇರೆಯವರ ಕಣ್ಣಿನಿಂದ ನೋಡಿದ್ದು ಅದೇ ಮೊದಲೆಂದು ಹೇಳಿದರು. ಹೂಮಳೆಯಿಂದ ಜಲಾಶಯದ ಮಟ್ಟ ಏರುವುದಿಲ್ಲ. ಆದರೆ ಬಯಲಲ್ಲಿ ಮಲಗಿದ ಮರಿಗೆ ಆಲಿಕಲ್ಲು ಸಾಕು.

ದೇಶದ ಹಲವೆಡೆ ರೈತರು ಟಿಟ್ಟಿಭ ಎಲ್ಲಿ ಮೊಟ್ಟೆಯಿಟ್ಟಿದೆ ಎಂದು ನೋಡಿ ಮಳೆಯ ಭವಿಷ್ಯ ಹೇಳುವುದುಂಟು. ಎತ್ತರದಲ್ಲಿಟ್ಟರೆ ಹೆಚ್ಚು ಮಳೆ, ತಗ್ಗಿನಲ್ಲಿಟ್ಟರೆ ಕಡಿಮೆ ಎಂಬುದು ನಂಬಿಕೆ. ಅದು ನಿಜವಾಗಲಿ ಸುಳ್ಳಾಗಲಿ, ಹಕ್ಕಿಗೆ ನೀರಿನ ಅಂದಾಜಿದೆ ಎಂಬ ಗೌರವ ಆ ನಂಬಿಕೆಯಲ್ಲಿದೆ. ಹೊಳೆಯ ಏರಿಳಿತವನ್ನು ಹಕ್ಕಿ ತಲೆಮಾರುಗಳಿಂದ ಕಲಿತಿರಬಹುದು. ಆದರೆ ತೂಬು ಎತ್ತುವ ದಿನವನ್ನು ಯಾವ ಹಕ್ಕಿಯೂ ಊಹಿಸಲಾರದು. ಮುಂದೆ ಈ ಲೆಕ್ಕ ಇನ್ನಷ್ಟು ಜಟಿಲವಾಗಲಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ ಒಟ್ಟು 29.9 ಟಿಎಂಸಿ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಯ ಬರದ ನೆಲಕ್ಕೆ ಒಯ್ಯುವುದು ಉದ್ದೇಶ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಜಲಾಶಯದ ಮಟ್ಟ ಏರಿಳಿಯುವ ಕ್ರಮ ಬದಲಾದರೆ ನಡುಗಡ್ಡೆ ತಲೆಯೆತ್ತುವ ತಿಂಗಳೂ ಬದಲಾಗುತ್ತದೆ.

ಹೊಳೆಗಳಿಂದ ಜಲಾಶಯಕ್ಕೆ

ಒಂದು ಜಲಾಶಯದ ಕೆಲವು ದಿಬ್ಬಗಳಿಗೆ ಇಷ್ಟೊಂದು ಮಹತ್ವ ಏಕೆ ಎಂದು ಓದುಗರು ಕೇಳಬಹುದು. ಹೊಳೆ ರೀವದ ಮೂಲ ಮನೆ ದೊಡ್ಡ ನದಿಗಳ ಮರಳುದಿಬ್ಬಗಳು. ಮಳೆಗಾಲ ಕಳೆದ ಮೇಲೆ ನದಿಯ ನಡುವೆ ಏಳುವ ಆ ದಿಬ್ಬಗಳು ಈಗ ಎಲ್ಲಿ ಉಳಿದಿವೆ? ಮರಳು ಲಾರಿಗಳಲ್ಲಿ ಊರು ಸೇರಿದೆ. ಮೇಲ್ಗಡೆಯ ಅಣೆಕಟ್ಟುಗಳಿಂದ ಹೊಳೆಯ ಹರಿವು ಕಾಲ ತಪ್ಪಿದೆ. ಚಂಬಲ್ ನದಿಯಲ್ಲಿ ನೀರು ಕಡಿಮೆಯಾಗಿ ದಿಬ್ಬಗಳು ದಂಡೆಗೆ ಅಂಟಿಕೊಂಡು ನಾಯಿ ನರಿಗಳು ಮೊಟ್ಟೆ ತಿನ್ನುವುದು ವರದಿಯಾಗಿದೆ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲಿ ಈ ಹಕ್ಕಿ ಬಹುಮಟ್ಟಿಗೆ ಅಳಿದೇ ಹೋಗಿದೆ. ಅಳಿವಿನ ಅಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 2020ರಲ್ಲಿ ಇದರ ಸ್ಥಾನವನ್ನು ಇನ್ನೊಂದು ಮೆಟ್ಟಿಲು ಏರಿಸಿ, ಅಪಾಯಕ್ಕೆ ಈಡಾಗಬಹುದಾದ ಜೀವಿಗಳ ಗುಂಪಿಗೆ ಸೇರಿಸಲಾಯಿತು. ಹೊಳೆಗಳು ಕೈಬಿಟ್ಟ ಹಕ್ಕಿಗೆ ಹೊಳೆಯನ್ನು ತಡೆದು ಕಟ್ಟಿದ ಜಲಾಶಯವೇ ಆಸರೆಯಾಗಿದೆ.

ಮನುಷ್ಯ ತನ್ನ ಅಗತ್ಯಕ್ಕೆ ಮಾಡಿದ್ದು ಹಕ್ಕಿಗಳಿಗೆ ಒದಗಿದ್ದು ನಮ್ಮಲ್ಲಿ ಹೊಸದೇನಲ್ಲ. ಶ್ರೀರಂಗಪಟ್ಟಣದ ಬಳಿ ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳೇ ರಂಗನತಿಟ್ಟು. ಅಲ್ಲಿನ ಬಂಡೆಗಳ ಮೇಲೂ ರೀವಗಳು ಮೊಟ್ಟೆಯಿಡುತ್ತವೆ. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು. ಆಕಸ್ಮಿಕವಾಗಿ ಆದದ್ದನ್ನು ಗುರುತಿಸಿ ಉಳಿಸಿಕೊಳ್ಳುವ ವಿವೇಕ ಅದು.

ಭದ್ರೆಯ ಕಾಡನ್ನು ಉಳಿಸಲು ಬೆಲೆ ತೆತ್ತವರು ಮನುಷ್ಯರೂ ಹೌದು. 1951ರಲ್ಲಿ ಜಾಗರ ಕಣಿವೆಯಲ್ಲಿ ಸಣ್ಣದಾಗಿ ಆರಂಭವಾದ ರಕ್ಷಿತ ಪ್ರದೇಶ 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ಬೆಳೆಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001–02ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಬಂದು ನೆಲೆಸಿದವು. ನಮ್ಮೊಡನಿದ್ದ ಕೆಳಗೂರಿನವರು ಹಾಗೆ ಬಂದ ಮನೆಯವರು. ದೂರದ ಕಾಡಿನ ಅಂಚನ್ನು ತೋರಿಸಿ, 'ನಮ್ಮೂರು ಆ ಗುಡ್ಡದ ಆಚೆ ಇತ್ತು' ಎಂದಷ್ಟೇ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, 'ನಾವು ಬಿಟ್ಟುಕೊಟ್ಟ ಮೇಲೆ ಇದನ್ನು ಹಾಳು ಮಾಡಬಾರದು' ಎಂದರು. ದೋಣಿಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ನೋಡುವ ರೀತಿ

ಹಕ್ಕಿ ನೋಡುವುದನ್ನು ಕನ್ನಡಿಗರಿಗೆ ಹವ್ಯಾಸವಾಗಿ ಅಂಟಿಸಿದವರಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಮುಖ್ಯರು. 2007ರಲ್ಲಿ ತೀರಿಕೊಳ್ಳುವವರೆಗೂ ತೋಟದ ಕೆಲಸದ ಜೊತೆಜೊತೆಗೇ ಅವರು ಹಕ್ಕಿಗಳ ಫೋಟೋ ತೆಗೆದರು, ಅವುಗಳ ಬಗ್ಗೆ ಪುಸ್ತಕ ಬರೆದರು. ಅವರ ಕಾಲದಲ್ಲಿ ಫಿಲ್ಮ್ ರೋಲು ದುಬಾರಿ. ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಆ ಕಾಯುವಿಕೆಯಲ್ಲಿ ಹಕ್ಕಿಯ ಬದುಕು ತಾನಾಗಿ ತಿಳಿಯುತ್ತಿತ್ತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಹಕ್ಕಿ ನೋಡುವವರು ಹೆಚ್ಚಿದ್ದಾರೆ, ಅದು ಸಂತೋಷದ ವಿಷಯವೇ. ಆದರೆ ಹಾರುವ ಗುಂಪಿನ ಚಿತ್ರಕ್ಕಾಗಿ ಚಪ್ಪಾಳೆ ತಟ್ಟುವವರು, ದಿಬ್ಬಕ್ಕೆ ಇಳಿಸು ಎಂದು ದೋಣಿಯವನನ್ನು ಪೀಡಿಸುವವರೂ ಅವರಲ್ಲಿದ್ದಾರೆ. ಕಲ್ಲಿನ ಬಣ್ಣದ ಮೊಟ್ಟೆಗಳಿರುವ ನೆಲಕ್ಕೆ ಇಳಿದವರ ಕಾಲಡಿ ಏನು ಒಡೆಯಿತೆಂಬುದು ಅವರಿಗೇ ಗೊತ್ತಾಗುವುದಿಲ್ಲ.

ನೋಡಲು ಹೋಗುವವರು ಪಾಲಿಸಬೇಕಾದದ್ದು ಹೆಚ್ಚೇನಿಲ್ಲ. ಬೆಳಗಿನ ತಂಪಿನಲ್ಲೇ ಹೋಗಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳಿಗೆ ಮೊಟ್ಟೆ ಬಿಟ್ಟೇಳುವ ಪುರುಸೊತ್ತಿಲ್ಲ. ದೋಣಿಯಿಂದ ಇಳಿಯಬಾರದು. ಹಕ್ಕಿಗಳು ತಲೆ ಎತ್ತಿ ಎದ್ದು ನಿಂತವೆಂದರೆ ನಾವು ಆಗಲೇ ಹತ್ತಿರವಾಗಿದ್ದೇವೆ ಎಂದರ್ಥ, ಹಿಂದೆ ಸರಿಯಬೇಕು. ಗದ್ದಲ ಮಾಡಬಾರದು. ಒಂದು ದುರ್ಬೀನು, ಒಂದು ನೋಟ್ ಪುಸ್ತಕ, ಒಂದಿಷ್ಟು ತಾಳ್ಮೆ ಇದ್ದರೆ ದೂರದಿಂದಲೇ ಎಲ್ಲವೂ ಕಾಣುತ್ತದೆ. ಹೊಟ್ಟೆ ತೊಯ್ಸಿಕೊಂಡು ಬರುವ ಹಕ್ಕಿಯನ್ನು ನಾವು ಕಂಡದ್ದೂ ಹಾಗೆ ಸುಮ್ಮನೆ ಕುಳಿತಿದ್ದಾಗಲೇ.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಕಾಯಿತು. ದೋಣಿ ತಿರುಗಿತು. ವಿದೇಶದ ಹಕ್ಕಿ ಎಂದುಕೊಂಡಿದ್ದ ಹುಡುಗಿ ಈಗ ಬೇರೆ ಪ್ರಶ್ನೆ ಕೇಳಿದಳು: 'ನೀರು ಬಿಡುವ ಮೀಟಿಂಗಿನಲ್ಲಿ ಈ ಹಕ್ಕಿಗಳ ಬಗ್ಗೆ ಯಾರಾದರೂ ಮಾತಾಡ್ತಾರಾ?' ಮೇಷ್ಟ್ರು ಒಬ್ಬರು, ಆ ಸಭೆಯಲ್ಲಿ ಮಾತಾಡುವವರೆಲ್ಲ ನೀರು ಬೇಕಾದ ರೈತರ ಕಡೆಯವರು ಎಂದರು. ರೈತರ ಮಾತು ಅಲ್ಲಿ ಮೊದಲು ನಡೆಯಬೇಕಾದದ್ದೇ. ಆದರೆ ನಡುಗಡ್ಡೆ ಎಷ್ಟು ಅಡಿ ನೀರಿನಲ್ಲಿ ಏಳುತ್ತದೆ, ಎಷ್ಟು ಅಡಿಗೆ ಇಳಿದರೆ ದಂಡೆಗೆ ಸೇರುತ್ತದೆ, ಮರಿಗಳು ಹಾರಲು ಯಾವ ವಾರ ಬೇಕು ಎಂಬ ಲೆಕ್ಕವನ್ನು ಪ್ರತಿ ವರ್ಷ ಬರೆದಿಟ್ಟರೆ, ಆ ಮೇಜಿನ ಮೇಲೆ ಅದೂ ಒಂದು ಕಾಗದವಾಗಿ ಇರಬಹುದು. ಮಳೆಯ ಲೆಕ್ಕ ಬರೆಯುವ ಕಾಫಿ ಬೆಳೆಗಾರರಿಗೆ, ಶಾಲೆಯ ಮಕ್ಕಳಿಗೆ, ದೋಣಿಯವರಿಗೆ ಆ ಕೆಲಸ ಕಷ್ಟದ್ದಲ್ಲ.

ಪಂಚತಂತ್ರದ ಟಿಟ್ಟಿಭಕ್ಕೆ ದೂರು ಹೇಳಿಕೊಳ್ಳಲು ಗರುಡನಿದ್ದ, ಬಾಣ ತೊಡಲು ವಿಷ್ಣುವಿದ್ದ. ಭದ್ರೆಯ ರೀವಗಳ ಪರವಾಗಿ ಹೇಳಬೇಕಾದವರು ಅವುಗಳನ್ನು ನೋಡಲು ಹೋಗುವ ನಾವೇ. ಊರಿಗೆ ಹಿಂದಿರುಗಿದ ಸಂಜೆ ಕಳಸದಲ್ಲಿ ಒಂದು ಹದ ಮಳೆ ಬಿತ್ತು. ಬೆಳೆಗಾರರು ಮರುದಿನ ಬೆಳಿಗ್ಗೆ ಫೋನ್ ಮಾಡಿದರು. ತೋಟಕ್ಕೆ ಎಷ್ಟು ಮಳೆಯಾಯಿತೆಂದು ಹೇಳುವ ಮೊದಲು, ಲಕ್ಕವಳ್ಳಿಯ ಕಡೆ ಆನೆಕಲ್ಲು ಬಿತ್ತೇ ಎಂದು ಕೇಳಿದರು.